ಕನ್ನಡದಲ್ಲಿ ಕತೆ ಬರೆಯುವವರಿಗೆ ಆನ್‌ಲೈನ್‌ನಲ್ಲಿ ಏನೇನಿದೆ? ನುಡಿ ಫೈಲು, ನಿಘಂಟು, ಓದಿ ಹೇಳುವವರು, ಸ್ಪರ್ಧೆ

ಹೊಸಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಣ್ಣಕತೆ ಬರೆಯುತ್ತೇನೆ. ಹಳೆಯ ಕತೆಗಳೆಲ್ಲ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು, ಈಚಿನವು ಮೊಬೈಲಿನಲ್ಲಿ ಜೀಬೋರ್ಡ್‌ನಿಂದ ಬರೆದವು. ತಿಳಿದವರು ಈ ನಾಲ್ಕು ವಿಷಯ ಬಿಡಿಸಿ ಹೇಳಿದರೆ ಉಪಕಾರ.

ಜಾಲಪತ್ರಿಕೆಗಳಿಗೆ ಕಳಿಸಿದರೆ "ಯೂನಿಕೋಡ್‌ನಲ್ಲಿ ಕಳಿಸಿ" ಅನ್ನುತ್ತಾರೆ. ಪರಿವರ್ತಕಕ್ಕೆ ಹಾಕಿದರೆ ಕತೆಯ ನಡುವೆ ಇರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಬರುತ್ತವೆ, ಕೆಲವು ಒತ್ತಕ್ಷರಗಳೂ ಕೆಡುತ್ತವೆ. ಇದಕ್ಕೆ ದಾರಿ ಏನು?

ನಂಬಬಹುದಾದ ನಿಘಂಟು ಯಾವುದು? ಇಂಗ್ಲಿಷ್ ಅರ್ಥ ಸಿಕ್ಕರೆ ಸಾಲದು, ನೂರು ವರ್ಷದ ಹಿಂದೆ ಹಳ್ಳಿಯಲ್ಲಿ ಆ ಪದ ಇತ್ತೇ ಅಂತ ನೋಡಬೇಕಾಗುತ್ತದೆ.

ಕತೆ ಓದಿ ನೇರವಾಗಿ ಹೇಳುವವರು ಎಲ್ಲಿ ಸಿಗುತ್ತಾರೆ? ಫೇಸ್‌ಬುಕ್‌ನಲ್ಲಿ ಹಾಕಿದರೆ "ಸೂಪರ್", "ಮನಮುಟ್ಟಿತು" ಬಿಟ್ಟು ಬೇರೆ ಮಾತು ಬರುವುದಿಲ್ಲ.

ಕೊನೆಯದು, ಪ್ರತಿಲಿಪಿಯಲ್ಲೋ (ಯಾರು ಬೇಕಾದರೂ ಕತೆ ಹಾಕಬಹುದಾದ ತಾಣ) ಬ್ಲಾಗಿನಲ್ಲೋ ಹಾಕಿದ ಕತೆಯನ್ನು ಆಮೇಲೆ ಸ್ಪರ್ಧೆಗೆ ಕಳಿಸಬಹುದೇ?

---

ಅಚ್ಚುಮೊಳೆ

ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಫೈಲು ಸರಿ ಇಲ್ಲದಿದ್ದರೆ ಉಳಿದ ಮೂರೂ ಮುಂದೆ ಸಾಗುವುದಿಲ್ಲ.

ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬರೆದದ್ದು ಕನ್ನಡ ಅಂತ ಕಂಪ್ಯೂಟರಿಗೆ ಗೊತ್ತೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. ಫಾಂಟ್ ತೆಗೆದರೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುತ್ತದೆ. ಪರಿವರ್ತಕದ ಪೆಟ್ಟಿಗೆಗೆ ನೀವು ಪೇಸ್ಟ್ ಮಾಡಿದಾಗ ಫಾಂಟಿನ ಮಾಹಿತಿ ಹೋಗುವುದಿಲ್ಲ, ಬರೀ ಅಕ್ಷರ ಹೋಗುತ್ತದೆ. ಟೈಮ್ಸ್ ನ್ಯೂ ರೋಮನ್‌ನಲ್ಲಿದ್ದ ಆಸ್ಪತ್ರೆಯ ಹೆಸರು ಯಾವುದು, ನುಡಿಯಲ್ಲಿದ್ದ ಕನ್ನಡ ಯಾವುದು ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಎಲ್ಲವನ್ನೂ ಕನ್ನಡ ಮಾಡಿಬಿಡುತ್ತದೆ.

ದಾರಿ ಇದು. ಮೂಲ ಫೈಲಿನ ಪ್ರತಿ ತೆಗೆದಿಡಿ. ವರ್ಡ್‌ನಲ್ಲಿ ಅಡ್ವಾನ್ಸ್ಡ್ ಫೈಂಡ್ ತೆರೆದು ಹುಡುಕುವ ಜಾಗ ಖಾಲಿ ಬಿಟ್ಟು, ಕೆಳಗಿನ ಫಾರ್ಮ್ಯಾಟ್ ಗುಂಡಿಯಿಂದ ಫಾಂಟ್ ಮಾತ್ರ ಟೈಮ್ಸ್ ನ್ಯೂ ರೋಮನ್ (ಅಥವಾ ನೀವು ಇಂಗ್ಲಿಷಿಗೆ ಬಳಸಿದ್ದು) ಅಂತ ಆರಿಸಿ. ಇಂಗ್ಲಿಷ್ ಇರುವ ಜಾಗಗಳೆಲ್ಲ ಒಂದೊಂದಾಗಿ ಸಿಗುತ್ತವೆ. ಪ್ರತಿಯೊಂದರ ಜಾಗದಲ್ಲೂ ನುಡಿ ಫಾಂಟಿನಲ್ಲೇ "ಗುರುತುಒಂದು", "ಗುರುತುಎರಡು" ಅಂತ ಕತೆಯಲ್ಲಿ ಎಲ್ಲೂ ಬರದ ಪದ ಹಾಕಿ, ಪಕ್ಕದಲ್ಲಿ ಪಟ್ಟಿ ಇಟ್ಟುಕೊಳ್ಳಿ. ಪರಿವರ್ತಿಸಿದ ಮೇಲೆ ಫೈಂಡ್-ರಿಪ್ಲೇಸ್‌ನಿಂದ ಇಂಗ್ಲಿಷ್ ಪದವನ್ನು ಹಿಂದಕ್ಕೆ ತನ್ನಿ. ನಾಲ್ಕೈದೇ ಇಂಗ್ಲಿಷ್ ಪದ ಇದ್ದರೆ ಈ ಗೋಜು ಬೇಡ, ಕೈಯಲ್ಲೇ ತಿದ್ದಿಬಿಡಿ.

ಪರಿವರ್ತನೆ ಆದಮೇಲೆ ಮೂರು ಕಡೆ ಕಣ್ಣಿಡಬೇಕು.

ಒಂದು ಅರ್ಕಾವತ್ತು, ಅಂದರೆ ಅಕ್ಷರದ ಪಕ್ಕ ಕೂರುವ ರ್ ಗುರುತು. ಯೂನಿಕೋಡ್‌ನಲ್ಲಿ "ಸೂರ್ಯ" ಬರೆಯಲು ರ, ಹಲಂತ (್), ಯ ಎಂಬ ಕ್ರಮ. ಆಸ್ಕಿ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ, ಅಂದರೆ ಯ ಮೊದಲು, ಅರ್ಕಾವತ್ತಿನ ಗುರುತು ಆಮೇಲೆ. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು. "ಸೂರ್ಯ", "ಧರ್ಮ"ದಂಥವು ಸಾಮಾನ್ಯವಾಗಿ ಸರಿಯಾಗುತ್ತವೆ. "ಸಾಮರ್ಥ್ಯ", "ಈರ್ಷ್ಯೆ", "ವರ್ಜ್ಯ" ಥರ ಅರ್ಕಾವತ್ತಿನ ಜೊತೆ ಇನ್ನೊಂದು ಒತ್ತಕ್ಷರ ಇದ್ದಲ್ಲಿ ಎಡವುವುದು ಹೆಚ್ಚು. ಆ ಪದಗಳನ್ನೇ ಹುಡುಕಿ ನೋಡಿ.

ಎರಡನೆಯದು ಸೊನ್ನೆ. ಅನುಸ್ವಾರ "ಂ" ಬೇರೆ, ಕನ್ನಡದ ಅಂಕಿ "೦" ಬೇರೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೆಯ ಟೈಪಿಂಗಿನಲ್ಲಿ ಅಂಕಿಯ ಸೊನ್ನೆಯನ್ನೇ ಅನುಸ್ವಾರವಾಗಿ ಒತ್ತಿರುವುದು ಬಹಳ. ಹಾಗೆ ಉಳಿದರೆ ಗೂಗಲ್‌ನಲ್ಲಿ ನಿಮ್ಮ ಕತೆಯ "ಸಂತೆ" ಹುಡುಕಿದರೆ ಸಿಗುವುದಿಲ್ಲ, ಧ್ವನಿಯಲ್ಲಿ ಓದಿಸಿದರೆ "ಸೊನ್ನೆ" ಅಂತ ಓದುವ ಸಾಧ್ಯತೆಯೂ ಇದೆ. ಅಂಕಿಯ ೦ ಒಂದನ್ನೇ ಕಾಪಿ ಮಾಡಿ ಫೈಂಡ್‌ನಲ್ಲಿ ಹಾಕಿ. ಇಸವಿ, ಲೆಕ್ಕ ಬಿಟ್ಟು ಬೇರೆಲ್ಲೇ ಸಿಕ್ಕರೂ ತಿದ್ದಿ.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರ. "ಫೇಸ್‌ಬುಕ್" ಅಂತ ಬಿಡಿಸಿ ಕಾಣಬೇಕಾದರೆ ಸ್ ಮತ್ತು ಬು ನಡುವೆ ಜೀರೋ ವಿಡ್ತ್ ನಾನ್ ಜಾಯ್ನರ್ ಇರಬೇಕು. ಇಲ್ಲದಿದ್ದರೆ "ಫೇಸ್ಬುಕ್" ಆಗುತ್ತದೆ. ವರ್ಡ್‌ನಲ್ಲಿ ಇದನ್ನು ತರಲು ಬೇಕಾದ ಜಾಗದಲ್ಲಿ 200 ಮತ್ತು ಇಂಗ್ಲಿಷಿನ ಸಿ ಅಕ್ಷರ ಒತ್ತಿ, ತಕ್ಷಣ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಅದೇ ರೀತಿ 200 ಮತ್ತು ಡಿ ಒತ್ತಿದರೆ ಜಾಯ್ನರ್ ಬರುತ್ತದೆ. "ರ‍್ಯಾಂಕ್" ಅಂತ ರ ಪೂರ್ತಿ ಕಾಣಿಸಿ ಯ ಒತ್ತಾಗಬೇಕಾದರೆ ರ ಮತ್ತು ಹಲಂತದ ನಡುವೆ ಈ ಜಾಯ್ನರ್ ಬೇಕು, ಇಲ್ಲದಿದ್ದರೆ "ರ್ಯಾಂಕ್" ಆಗಿ ಅರ್ಕಾವತ್ತು ಬಂದು ಕೂರುತ್ತದೆ. ಕಾಪಿ-ಪೇಸ್ಟ್ ಮಾಡುವಾಗ ಕೆಲವು ಕಡೆ ಇವು ಉದುರಿಹೋಗುತ್ತವೆ. ಕಳಿಸುವ ಮುಂಚೆ ಪತ್ರಿಕೆಗೆ ಹೋಗುವ ಪ್ರತಿಯಲ್ಲೇ ಇನ್ನೊಮ್ಮೆ ನೋಡಿ.

ನುಡಿಯ ಕೀಲಿಮಣೆಗೆ ಕೈ ಒಗ್ಗಿದ್ದರೆ ಅದನ್ನು ಬಿಡಬೇಕಾಗಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಅದೇ ಕೀಲಿಮಣೆಯಲ್ಲಿ ನುಡಿ ತಂತ್ರಾಂಶವೇ ಯೂನಿಕೋಡ್ ಬರೆಯುತ್ತದೆ, ಆಯ್ಕೆ ಬದಲಿಸಿದರೆ ಆಯಿತು. ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹ ಸೇರಿಸಿದರೆ ಇದೇ ವಿನ್ಯಾಸ ಕೆಜಿಪಿ ಎಂಬ ಹೆಸರಲ್ಲಿ ಸಿಗುತ್ತದೆ. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ ಈಚೆಗೆ ಕನ್ನಡ ಫೊನೆಟಿಕ್ ಕೀಲಿಮಣೆ ವಿಂಡೋಸ್‌ನಲ್ಲೇ ಇದೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಳ್ಳಬೇಕು ಅಷ್ಟೇ.

ಇನ್ನು ಮುಂದೆ ಯೂನಿಕೋಡ್ ಪ್ರತಿಯೇ ಮೂಲಪ್ರತಿ ಅಂತ ಇಟ್ಟುಕೊಳ್ಳಿ. ಮುದ್ರಣಾಲಯದವರು ಪೇಜ್‌ಮೇಕರ್ ಬಳಸುವವರಾದರೆ ನುಡಿಯಲ್ಲೇ ಬೇಕು ಅನ್ನುತ್ತಾರೆ. ಆಗ ಹಿಂದಕ್ಕೆ ಪರಿವರ್ತಿಸಿ ಕೊಡಿ, ಕರಡು ಮತ್ತೆ ತಿದ್ದಿ. ಇನ್‌ಡಿಸೈನ್ ಬಳಸುವವರಾದರೆ ಯೂನಿಕೋಡನ್ನೇ ಕೊಡಬಹುದು. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಲು ಹೇಳಿ. ಅದನ್ನು ಮರೆತರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ, ಫಾಂಟ್ ಕೆಟ್ಟಿದೆ ಅಂತ ಎಲ್ಲರೂ ಫಾಂಟ್ ಬದಲಿಸುತ್ತಾ ಕೂರುತ್ತಾರೆ.

---

ಪದಕಣಜಿಗ

ನಿಘಂಟಿನ ವಿಷಯಕ್ಕೆ ಬರೋಣ.

ದಿನದ ಬಳಕೆಗೆ ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಇದು, 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಜಾಲಕ್ಕೆ ಬಂತು. 1.5 ಲಕ್ಷಕ್ಕೂ ಹೆಚ್ಚು ಪದಗಳಿವೆ. ಇದರ ಹುಡುಕಾಟ ಉಚ್ಚಾರಣೆಯ ಮೇಲೆ ನಡೆಯುತ್ತದೆ, ಆದ್ದರಿಂದ ಅಲ್ಪಪ್ರಾಣ-ಮಹಾಪ್ರಾಣ ತಪ್ಪಿದರೂ ಹತ್ತಿರದ ಪದಗಳನ್ನು ತೋರಿಸುತ್ತದೆ. ಕಾಗುಣಿತದ ಅನುಮಾನ ಬಂದಾಗಲೂ ಅದನ್ನೇ ತೆರೆಯಿರಿ.

ಅದಕ್ಕಿಂತ ಆಳಕ್ಕೆ ಇಳಿಯಬೇಕಾದರೆ ಕರ್ನಾಟಕ ಸರ್ಕಾರದ ಪದಕಣಜ. ಬೇರೆ ಬೇರೆ ನಿಘಂಟು, ಪದಕೋಶಗಳನ್ನು ಒಂದೇ ಹುಡುಕು ಪೆಟ್ಟಿಗೆಯ ಕೆಳಗೆ ತಂದಿದ್ದಾರೆ. ಕಂದಾಯ, ಕೃಷಿ, ಕಾನೂನಿನ ಪದ ಬೇಕಾದಾಗ ನಾನು ಹೇಳುವುದು ಇದನ್ನೇ. ಕತೆಯಲ್ಲಿ ಶ್ಯಾನುಭೋಗರ ದಫ್ತರ ಬಂದರೆ ಅಲ್ಲಿ ಯಾವ ಕಾಗದಕ್ಕೆ ಏನು ಹೆಸರು ಅಂತ ನೋಡದೆ ಬರೆಯಬೇಡಿ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಕತೆಗಾರರಿಗೆ ಎಲ್ಲಕ್ಕಿಂತ ಹೆಚ್ಚು ಕೊಡುತ್ತದೆ. ಕಾರಣ, ಅರ್ಥದ ಜೊತೆ ಆ ಪದ ಎಲ್ಲಿ ಬಳಕೆಯಾಗಿದೆ ಅಂತ ಹಳೆಯ ಕಾವ್ಯ, ಶಾಸನದ ಸಾಲು ಸಮೇತ ಕೊಟ್ಟಿದ್ದಾರೆ. ಒಂದು ಪದ ಹತ್ತನೆಯ ಶತಮಾನದಲ್ಲಿ ಏನಾಗಿತ್ತು, ಆಮೇಲೆ ಏನಾಯಿತು ಅಂತ ಒಂದೇ ನಮೂದಿನಲ್ಲಿ ಕಾಣುತ್ತದೆ.

ನೀವು ಕೇಳಿದ "ನೂರು ವರ್ಷದ ಹಿಂದೆ ಇತ್ತೇ" ಅನ್ನುವುದಕ್ಕೆ ಕಿಟೆಲ್ ನಿಘಂಟು ಒಳ್ಳೆಯ ಅಳತೆಗೋಲು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದದ್ದು, ಆರ್ಕೈವ್.ಆರ್ಗ್‌ನಲ್ಲಿ ಸ್ಕ್ಯಾನ್ ಪ್ರತಿ ಉಚಿತವಾಗಿ ಸಿಗುತ್ತದೆ. ಒಂದು ಉದಾಹರಣೆ: ನೆಲದೊಳಗೆ ಕಾಳು ತುಂಬಿಡುವ ಗುಂಡಿ, ಹಗೇವು. ಕತೆಯಲ್ಲಿ ನೀವು "ಹಗೇವಿನಲ್ಲಿ ರಾಗಿ ಇತ್ತು" ಅಂತ ಬರೆದು "ಹಗೇವಿನಲ್ಲಿ" ಅಂತಲೇ ಹುಡುಕಿದರೆ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ವಿಭಕ್ತಿ ಕಳಚಿ "ಹಗೇವು" ಅಂತ ಹುಡುಕಬೇಕು. ಅದೂ ಸಿಗದಿದ್ದರೆ "ಹಗೆ" ಅಂತ, ದೀರ್ಘ ತೆಗೆದು "ಹಗೆವು" ಅಂತ ನೋಡಬೇಕು. ಹಳೆಯ ಪದಗಳಿಗೆ ಎರಡು ಮೂರು ರೂಪ ಇದ್ದೇ ಇರುತ್ತವೆ. "ಹಗೆ" ಅಂತ ನೋಡಿದಾಗ ಮೊದಲು ಸಿಗುವುದು ದ್ವೇಷ, ಶತ್ರು ಎಂಬ ಅರ್ಥ. ಅಲ್ಲಿಗೇ ನಿಲ್ಲಿಸಬೇಡಿ, ಅದೇ ರೂಪದ ಬೇರೆ ಪದ ಕೆಳಗೆ ಬೇರೆ ನಮೂದಾಗಿ ಇರುತ್ತದೆ.

ಕಿಟೆಲ್‌ನಲ್ಲಿ ಇಲ್ಲ ಅಂದಮಾತ್ರಕ್ಕೆ ಆ ಕಾಲದಲ್ಲಿ ಆ ಪದವೇ ಇರಲಿಲ್ಲ ಅನ್ನಲಾಗದು. ಇದೆ ಅಂದರೆ ಮಾತ್ರ ಗಟ್ಟಿ.

ಪದ ನಿಜವಾಗಿ ಹೇಗೆ ಓಡಾಡಿದೆ ಅಂತ ನೋಡಲು ಸಂಚಯ ಬಳಗದವರ ವಚನ ಸಂಚಯ ಬಲು ಉಪಯೋಗ. ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ, ಯಾವ ವಚನಕಾರರದು ಅನ್ನುವುದರ ಜೊತೆ ಬರುತ್ತವೆ. "ಹೊಲ", "ಮಗ್ಗ", "ದೋಣಿ" ಹೀಗೆ ಒಂದು ಕಸುಬಿನ ಪದ ಕೊಟ್ಟು ನೋಡಿ. ಆ ಪದದ ಅಕ್ಕಪಕ್ಕ ಯಾವ ಕ್ರಿಯಾಪದ ಬರುತ್ತದೆ ಅಂತ ಗಮನಿಸಿದರೆ ನಿಘಂಟು ಕೊಡದ್ದು ಸಿಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿವೆ. ಅಲ್ಲಿ ಕರಡು ತಿದ್ದದ ಪುಟಗಳೂ ಇವೆ, ಇಸವಿಗಳನ್ನು ಇನ್ನೊಂದು ಕಡೆ ಹೋಲಿಸದೆ ತೆಗೆದುಕೊಳ್ಳಬೇಡಿ.

ಹಳೆಯ ಪುಸ್ತಕದ ಒಂದು ಪುಟವನ್ನು ಟಿಪ್ಪಣಿಗಾಗಿ ಪಠ್ಯ ಮಾಡಿಕೊಳ್ಳಬೇಕಾದರೆ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅಚ್ಚು ಸ್ಪಷ್ಟವಾಗಿದ್ದರೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಪುಟ ಓರೆಯಾಗಿದ್ದರೆ, ಎರಡು ಕಾಲಮ್ ಇದ್ದರೆ ಸಾಲುಗಳು ಕಲಸಿಹೋಗುತ್ತವೆ. ನೇರಮಾಡಿ, ಕಾಲಮ್ ಕತ್ತರಿಸಿ ಹಾಕಿ.

---

ಬಯಲಸೀಮಿ

ಮಾತಿನ ಭಾಗದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳತೀನ್ರಿ. ಆನ್‌ಲೈನ್ ನಿಘಂಟು ನೋಡಿ ಉತ್ತರ ಕರ್ನಾಟಕದ ಸಂಭಾಷಣಿ ಬರದ್ರ ಅದು ನಿಲ್ಲಂಗಿಲ್ಲ. ನಿಘಂಟಿನ್ಯಾಗ ಪದ ಸಿಗತಾವ, ಖರೆ, ಮಾತಿನ ಕೊನಿ ಸಿಗಂಗಿಲ್ಲ. "ಅದ" ಅನ್ನೂ ಮನಿ ಬ್ಯಾರೆ, "ಐತಿ" ಅನ್ನೂ ಮನಿ ಬ್ಯಾರೆ. ಒಂದ ಊರಾಗ ಓಣಿ ಬದಲಾದ್ರ ಅದು ಬದಲಾಗತದ. ಒಂದ ಪಾತ್ರದ ಬಾಯಾಗ ಮೊದಲನೇ ಪುಟಕ್ಕ "ಐತಿ", ಮೂರನೇ ಪುಟಕ್ಕ "ಅದ" ಬಂತಂದ್ರ ಆ ಕಡೆ ಓದುಗರು ಅಲ್ಲೇ ಕತಿ ಮುಚ್ಚತಾರ.

ಅದಕ್ಕ ಪಾತ್ರಕ್ಕೊಂದು ಹಾಳಿ ಮಾಡ್ರಿ. ಗೂಗಲ್ ಶೀಟ್ ಆದ್ರೂ ನಡೀತದ. ಅಡ್ಡಸಾಲಿನ್ಯಾಗ ಪಾತ್ರದ ಹೆಸರು, ಕೆಳಗ ಇಷ್ಟು ರೂಪ ಬರೀರಿ: ಇದೆ, ಇಲ್ಲ, ಹೋಗುತ್ತೇನೆ, ಬರಲಿಲ್ಲ, ಯಾಕೆ, ಅಲ್ಲಿ, ಮನೆಗೆ. ಪ್ರತಿ ಪಾತ್ರ ಇವನ್ನ ಹೆಂಗ ಅಂತದ ಅಂತ ಒಮ್ಮೆ ನಿಕ್ಕಿ ಮಾಡ್ರಿ. ಒಬ್ಬರು "ಹೋಗತೀನಿ" ಅಂದ್ರ ಇನ್ನೊಬ್ಬರು "ಹೊಕ್ಕೀನಿ" ಅನ್ನಬಹುದು. ಕತಿ ಮುಗದ ಮ್ಯಾಲೆ ಒಂದೊಂದು ರೂಪ ಫೈಂಡ್‌ಗೆ ಹಾಕಿ ಯಾರ ಬಾಯಾಗ ಬಂದದ ನೋಡ್ರಿ.

ಕೇಳಾಕ ಯೂಟ್ಯೂಬ್ ಛಲೋ. ನಾಟಕದ ವಿಡಿಯೋಕಿಂತ ಸಂತಿ, ದನದ ಜಾತ್ರಿ, ಹೊಲದಾಗ ಮಾಡಿದ ವಿಡಿಯೋ ಹುಡುಕ್ರಿ, ಅಲ್ಲಿ ಮಂದಿ ಕ್ಯಾಮೆರಾ ಮರತು ಮಾತಾಡತಾರ. ವೇಗ 0.75ಕ್ಕ ಇಳಿಸಿ ಕೇಳ್ರಿ, ಕೊನಿ ಅಕ್ಷರ ಸ್ಪಷ್ಟ ಸಿಗತದ. ಊರಿನ ಹೆಸರು ಬರದಿಟ್ಟುಕೊಳ್ಳೂದು ಮರೀಬ್ಯಾಡ್ರಿ.

ಜೀಬೋರ್ಡ್‌ನ್ಯಾಗ ಆಟೋ ಕರೆಕ್ಷನ್ ಬಂದ್ ಮಾಡ್ರಿ. ಇಲ್ಲಂದ್ರ ನೀವು "ಮನಿ" ಅಂತ ಹೊಡದ್ರ ಅದು ತನ್ನ ಪಾಡಿಗೆ "ಮನೆ" ಮಾಡತದ, ಗೊತ್ತ ಆಗಂಗಿಲ್ಲ. ಲಿಬ್ರೆಆಫೀಸ್‌ದಾಗ ಕನ್ನಡ ಕಾಗುಣಿತ ತಪಾಸಣಿ ಹಾಕಬಹುದು, ಆದ್ರ ಕನ್ನಡದಾಗ ಒಂದ ಪದಕ್ಕ ಪ್ರತ್ಯಯ ಹತ್ತತ್ತಿ ನೂರಾರು ರೂಪ ಆಗತಾವ. ಸರಿ ಇದ್ದ ಪದಕ್ಕೂ ಕೆಂಪು ಗೆರಿ ಬೀಳತದ. ಹೆಸರು, ಮಹಾಪ್ರಾಣ ನೋಡೂದಕ್ಕ ಮಾತ್ರ ಬಳಸ್ರಿ, ಆಡುಮಾತು ತಿದ್ದೂದಕ್ಕ ಬ್ಯಾಡ.

ಇನ್ನೊಂದು. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನ್ಯಾಗ ರೀಡ್ ಅಲೌಡ್ ಒತ್ತಿದ್ರ ಸಪ್ನಾ, ಗಗನ್ ಅಂತ ಎರಡು ಕನ್ನಡ ಧ್ವನಿ ಅವ. ನಿಮ್ಮ ಕತಿ ಅದರ ಕಡೆ ಓದಸ್ರಿ. ಒಂದ ಪ್ಯಾರಾದಾಗ "ಅವನು" ಎಷ್ಟು ಸಲ ಬಂತು, ವಾಕ್ಯ ಎಲ್ಲಿ ಉಸಿರು ಕಟ್ಟತು, ಕಣ್ಣಿಗೆ ಬೀಳದ್ದು ಕಿವಿಗೆ ಬೀಳತದ. ಆಡುಮಾತಿನ ಭಾಗ ಮಾತ್ರ ಮನುಷ್ಯರೇ ಓದಬೇಕು, ಆ ಧ್ವನಿಗೆ ನಮ್ಮ ಕಡೆ ಏರಿಳಿತ ಬರಂಗಿಲ್ಲ.

---

ಓದುಗೂಡು

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ತೆರೆದ ಜಾಗದಲ್ಲಿ ನೇರ ಮಾತು ಸಿಗುವುದಿಲ್ಲ, ಸಿಗಬೇಕು ಅಂತ ನಿರೀಕ್ಷಿಸುವುದೂ ನ್ಯಾಯವಲ್ಲ. ಫೇಸ್‌ಬುಕ್‌ನಲ್ಲಿ ಓದುವವರು ನಿಮ್ಮ ಸ್ನೇಹಿತರಾಗಿ ಓದುತ್ತಾರೆ, ನಾಲ್ಕು ಜನರ ಎದುರು ತಪ್ಪು ಎತ್ತಿ ತೋರಿಸಲು ಅವರಿಗೆ ಮನಸ್ಸು ಬರುವುದಿಲ್ಲ.

ಇಂಗ್ಲಿಷ್ ಬರಹಗಾರರು ಇದಕ್ಕೆ ಕಂಡುಕೊಂಡ ಒಂದು ಏರ್ಪಾಡು ಕನ್ನಡಕ್ಕೂ ಹೊಂದುತ್ತದೆ. ಕ್ರಿಟೀಕ್ ಸರ್ಕಲ್ ಅಂತ ಒಂದು ತಾಣವಿದೆ, 2003ರಿಂದ ನಡೆಯುತ್ತಿದೆ. ಅಲ್ಲಿ ನಿಮ್ಮ ಕತೆ ಹಾಕಲು ಅಂಕ ಖರ್ಚಾಗುತ್ತದೆ, ಅಂಕ ಗಳಿಸಬೇಕಾದರೆ ಬೇರೆಯವರ ಕತೆ ಓದಿ ವಿಮರ್ಶೆ ಬರೆಯಬೇಕು. ಸ್ಕ್ರಿಬೊಫೈಲ್‌ನಲ್ಲೂ ಹೀಗೆಯೇ, ಅಲ್ಲಿ ಅದಕ್ಕೆ ಕರ್ಮ ಅಂತ ಹೆಸರು. ಕೊಡದೆ ಪಡೆಯುವಂತಿಲ್ಲ. ಇದೇ ಅದರ ಜೀವ.

ಕನ್ನಡದಲ್ಲಿ ಅಷ್ಟು ದೊಡ್ಡ ತಾಣ ಬೇಕಾಗಿಲ್ಲ, ಐದಾರು ಜನ ಸಾಕು. ನಾಲ್ಕಕ್ಕಿಂತ ಕಡಿಮೆಯಾದರೆ ಒಬ್ಬರು ತಪ್ಪಿಸಿದ ವಾರ ಕೂಟವೇ ನಿಲ್ಲುತ್ತದೆ, ಎಂಟಕ್ಕಿಂತ ಹೆಚ್ಚಾದರೆ ನಿಮ್ಮ ಸರದಿ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ನಿಯಮ ಒಂದೇ ಇರಲಿ: ಎರಡು ಕತೆಗೆ ಟಿಪ್ಪಣಿ ಬರೆದವರು ಒಂದು ಕತೆ ಹಾಕಬಹುದು. ಹದಿನೈದು ದಿನಕ್ಕೆ ಒಂದು ಕತೆ, 2,500 ಪದದ ಒಳಗೆ. ಅದಕ್ಕಿಂತ ಉದ್ದದ್ದು ಬಂದರೆ ಟಿಪ್ಪಣಿ ಮೊದಲ ಪುಟಕ್ಕೆ ಮಾತ್ರ ಸಿಗುತ್ತದೆ, ಕೊನೆಯ ಭಾಗಕ್ಕೆ "ಚೆನ್ನಾಗಿದೆ" ಅಂತ ಬರುತ್ತದೆ.

ಕತೆಯನ್ನು ಗೂಗಲ್ ಡಾಕ್ಸ್‌ನಲ್ಲಿ ಹಾಕಿ, ಹಂಚುವಾಗ ಕಮೆಂಟರ್ ಅಂತ ಅನುಮತಿ ಕೊಡಿ. ಎಡಿಟರ್ ಕೊಟ್ಟರೆ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ನಿಮ್ಮ ವಾಕ್ಯ ತಿದ್ದಿಬಿಡುತ್ತಾರೆ, ಆಮೇಲೆ ಅದು ಯಾರ ವಾಕ್ಯ ಅಂತ ತಿಳಿಯುವುದಿಲ್ಲ. ಲಿಂಕ್ ಇದ್ದವರೆಲ್ಲ ನೋಡಬಹುದು ಅನ್ನುವ ಆಯ್ಕೆ ಬೇಡ, ಇಮೇಲ್ ವಿಳಾಸ ಕೊಟ್ಟೇ ಹಂಚಿ. ವಾಟ್ಸಾಪ್‌ನಲ್ಲಿ ಕತೆ ಹಾಕಲೇಬೇಡಿ. ಮೊದಲನೆಯ ಕಾರಣ ಫಾರ್ವರ್ಡ್ ಆಗುತ್ತದೆ, ಎರಡನೆಯದು ಯಾವ ಸಾಲಿನ ಬಗ್ಗೆ ಯಾರು ಹೇಳಿದರು ಅನ್ನುವುದು ಸಂಜೆಯ ಹೊತ್ತಿಗೆ ಹೂತುಹೋಗುತ್ತದೆ.

ಟಿಪ್ಪಣಿ ಬರೆಯುವವರಿಗೆ "ಹೇಗಿದೆ ಹೇಳಿ" ಅನ್ನಬೇಡಿ. ಇವನ್ನು ಕೇಳಿ: ಓದುವುದನ್ನು ನಿಲ್ಲಿಸಬೇಕು ಅನ್ನಿಸಿದ ಮೊದಲ ಜಾಗ ಯಾವುದು? ಯಾವ ಸಾಲನ್ನು ಎರಡು ಸಲ ಓದಬೇಕಾಯಿತು? ಕತೆ ಯಾರದು ಅನ್ನಿಸಿತು? ಯಾವ ಪಾತ್ರದ ಮಾತು ಲೇಖಕರ ಮಾತಿನಂತೆ ಕೇಳಿಸಿತು? ಮೊದಲ ಪ್ಯಾರಾ ತೆಗೆದರೆ ಏನು ಕಳೆದುಹೋಗುತ್ತದೆ? ಈ ಕೊನೆಯ ಪ್ರಶ್ನೆಯನ್ನು ಎಂದೂ ಬಿಡಬೇಡಿ. ಕತೆಗಾರರು ಬಿಸಿಯಾಗಲು ಬರೆದ ಮಳೆ, ಮಂಜು, ಬಸ್ಸು ನಿಲ್ದಾಣದ ವರ್ಣನೆ ಮೊದಲ ಪ್ಯಾರಾದಲ್ಲೇ ಕೂತಿರುತ್ತದೆ, ಕತೆ ಎರಡನೆಯ ಪ್ಯಾರಾದಲ್ಲಿ ಶುರುವಾಗಿರುತ್ತದೆ.

ಎಲ್ಲರ ಟಿಪ್ಪಣಿ ಮುಗಿಯುವವರೆಗೆ ಬರೆದವರು ಉತ್ತರ ಕೊಡಬಾರದು. ನೀವು ವಿವರಿಸಿದ ತಕ್ಷಣ ಮುಂದಿನವರು ನಿಮ್ಮ ವಿವರಣೆಯನ್ನು ಓದುತ್ತಾರೆ, ಕತೆಯನ್ನಲ್ಲ. ಮೂವರು ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ತಿದ್ದಿ. ಅವರು ಹೇಳಿದ ಪರಿಹಾರ ಮೂರು ಥರ ಇರಬಹುದು, ಯಾವುದನ್ನೂ ತೆಗೆದುಕೊಳ್ಳಬೇಕಾಗಿಲ್ಲ. ಜಾಗ ಅವರು ತೋರಿಸಿದ್ದು, ಮದ್ದು ನಿಮ್ಮದು.

ಜನ ಎಲ್ಲಿ ಸಿಗುತ್ತಾರೆ ಅಂದರೆ ಕೆಂಡಸಂಪಿಗೆ, ಅವಧಿ, ಋತುಮಾನ, ಪಂಜು, ಬುಕ್ ಬ್ರಹ್ಮದಂಥ ಕಡೆ ಕತೆ ಪ್ರಕಟಿಸಿರುವ ಹೊಸಬರಲ್ಲಿ. ಅವರ ಕತೆ ಪೂರ್ತಿ ಓದಿ, ಒಂದು ನಿರ್ದಿಷ್ಟ ವಿಷಯ ಹಿಡಿದು ನಾಲ್ಕು ಸಾಲು ಬರೆಯಿರಿ. ನಿಮ್ಮ ಕತೆ ಓದಿ ಅಂತ ಮೊದಲ ಪತ್ರದಲ್ಲೇ ಕೇಳಬೇಡಿ.

ಇಂಗ್ಲಿಷ್ ತಾಣಗಳಿಂದ ಪದಸಂಖ್ಯೆಯ ಗುರಿಯನ್ನು ಹಾಗೇ ಎತ್ತಿಕೊಳ್ಳಬೇಡಿ ಅಂತಲೂ ಹೇಳಬೇಕು. 1999ರಲ್ಲಿ ಶುರುವಾದ ನ್ಯಾನೊರೈಮೊ, ನವೆಂಬರ್ ತಿಂಗಳಲ್ಲಿ 50,000 ಪದದ ಕಾದಂಬರಿ ಅನ್ನುವ ಗುರಿ ಕೊಟ್ಟಿತ್ತು. ಆ ಸಂಸ್ಥೆ 2025ರಲ್ಲಿ ಮುಚ್ಚಿದರೂ ಗುರಿ ಮಾತ್ರ ಓಡಾಡುತ್ತಲೇ ಇದೆ. "ಬರಬೇಕಾಗಿತ್ತಂತೆ" ಕನ್ನಡದಲ್ಲಿ ಒಂದು ಪದ, ಇಂಗ್ಲಿಷಿನಲ್ಲಿ ಅದನ್ನು ಹೇಳಲು ಏಳೆಂಟು ಪದ ಬೇಕು. ಅದೇ ಹರವಿನ ಕತೆ ಕನ್ನಡದಲ್ಲಿ ತೀರಾ ಕಡಿಮೆ ಪದದಲ್ಲಿ ಮುಗಿಯುತ್ತದೆ. ದಿನಕ್ಕೆ ಇಷ್ಟು ಪದ ಅನ್ನುವುದಕ್ಕಿಂತ ದಿನಕ್ಕೊಂದು ದೃಶ್ಯ ಅಂತ ಇಟ್ಟುಕೊಳ್ಳುವುದು ಮೇಲು.

---

ಕೊನೆಪ್ರೂಫು

ಸ್ಪರ್ಧೆಯ ಪ್ರಶ್ನೆಗೆ ಚಿಕ್ಕ ಉತ್ತರ: ಪ್ರತಿಲಿಪಿ, ಬ್ಲಾಗ್, ಫೇಸ್‌ಬುಕ್ ಎಲ್ಲವನ್ನೂ ಆಯೋಜಕರು ಪ್ರಕಟಣೆ ಅಂತಲೇ ಎಣಿಸುವುದು ವಾಡಿಕೆ. "ಸ್ವಂತ, ಅಪ್ರಕಟಿತ, ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ" ಅಂತ ಮುಚ್ಚಳಿಕೆ ಕೇಳುತ್ತಾರೆ. ಹಾಕಿ ಆಮೇಲೆ ಅಳಿಸಿದರೂ ಪ್ರಕಟವಾದದ್ದು ಪ್ರಕಟವಾದದ್ದೇ, ಗೂಗಲ್‌ನಲ್ಲಿ ಒಂದು ಸಾಲು ಹುಡುಕಿದರೆ ಯಾರೋ ಹಂಚಿಕೊಂಡದ್ದು ಸಿಗುತ್ತದೆ. ಆದ್ದರಿಂದ ಕತೆಗಳನ್ನು ಮೊದಲೇ ಎರಡು ಪಾಲು ಮಾಡಿ. ಧಾರಾವಾಹಿಯಾಗಿ ಓಡುವಂಥವು, ಕಂತುಕಂತಿನಲ್ಲಿ ಓದುಗರನ್ನು ಹಿಡಿಯುವಂಥವು ಪ್ರತಿಲಿಪಿಗೆ ಹೊಂದುತ್ತವೆ. ಬಿಗಿಯಾದ ಬಿಡಿ ಕತೆಯನ್ನು ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೋ ಬುಕ್ ಬ್ರಹ್ಮದ ಸ್ವಾತಂತ್ರ್ಯೋತ್ಸವ ಕಥಾಸ್ಪರ್ಧೆಗೋ ಎತ್ತಿಡಿ. ಮೊದಲ ಸಂಕಲನದ ಹಸ್ತಪ್ರತಿ ಇದ್ದರೆ ಛಂದ ಪುಸ್ತಕದ ಬಹುಮಾನ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆ ಎರಡನ್ನೂ ನೋಡಿ. ಪ್ರಾಧಿಕಾರದ್ದಕ್ಕೆ ವಯೋಮಿತಿ ಇದೆ. ಆ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ, ನಿಯಮಗಳು ವರ್ಷ ವರ್ಷ ಬದಲಾಗುತ್ತವೆ.

ಕತೆಯ ಮೇಲೆ ಹೆಸರು ಬರೆಯಬಾರದು ಅಂತ ನಿಯಮ ಇದ್ದಾಗ ಬಹಳ ಜನ ತಪ್ಪುವುದು ಫೈಲಿನ ಒಳಗೆ. ಫೈಲಿನ ಹೆಸರಲ್ಲೇ ತಮ್ಮ ಹೆಸರಿರುತ್ತದೆ, ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು ಉಳಿದಿರುತ್ತದೆ. ವರ್ಡ್‌ನಲ್ಲಿ ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಓಡಿಸಿ ವೈಯಕ್ತಿಕ ಮಾಹಿತಿ ತೆಗೆಯಿರಿ, ಲಿಬ್ರೆಆಫೀಸ್‌ನಲ್ಲಿ ಫೈಲ್ ಮೆನುವಿನ ಪ್ರಾಪರ್ಟೀಸ್‌ಗೆ ಹೋಗಿ ರೀಸೆಟ್ ಒತ್ತಿ. ಆಮೇಲೆ ಪಿಡಿಎಫ್ ಮಾಡಿ. ಪಿಡಿಎಫ್ ಜೊತೆ ಯೂನಿಕೋಡ್ ವರ್ಡ್ ಫೈಲನ್ನೂ ಕಳಿಸಿದರೆ ಸಂಪಾದಕರಿಗೆ ಅನುಕೂಲ. ಅವರ ಯಂತ್ರದಲ್ಲಿ ಅಕ್ಷರ ಒಡೆದರೂ ಸರಿಯಾದ ರೂಪ ಯಾವುದು ಅಂತ ಪಿಡಿಎಫ್ ತೋರಿಸುತ್ತದೆ.

ಕತೆಯ ತಲೆಯಲ್ಲಿ ಕವಿತೆಯ ಸಾಲು ಹಾಕುವ ಅಭ್ಯಾಸ ಇದ್ದರೆ ಹಕ್ಕಿನ ಲೆಕ್ಕ ತಿಳಿದಿರಲಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಸಾಲು ಮುಕ್ತ. ಬೇಂದ್ರೆಯವರು 1981ರಲ್ಲಿ, ಅವರ ಸಾಲುಗಳಿಗೆ 2041ರ ಕೊನೆಯವರೆಗೆ ಹಕ್ಕು ಇದೆ. ಸಿನಿಮಾ ಹಾಡಿನ ಸಾಲನ್ನು ಅನುಮತಿ ಇಲ್ಲದೆ ಪುಸ್ತಕಕ್ಕೆ ಹಾಕಬೇಡಿ, ಪ್ರಕಾಶಕರು ಕೊನೆಯ ಗಳಿಗೆಯಲ್ಲಿ ತೆಗೆಸುತ್ತಾರೆ.

ಸ್ವಂತವಾಗಿ ಪುಸ್ತಕ ತರುವುದಾದರೆ ಐಎಸ್‌ಬಿಎನ್‌ಗೆ (ಪುಸ್ತಕದ ಗುರುತು ಸಂಖ್ಯೆ) ಯಾರಿಗೂ ದುಡ್ಡು ಕೊಡಬೇಡಿ. ರಾಜಾ ರಾಮ್‌ಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಸರ್ಕಾರಿ ತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಸಂಖ್ಯೆ ಬರಲು ಸಮಯ ಹಿಡಿಯುತ್ತದೆ, ಮುಖಪುಟ ಅಚ್ಚಿಗೆ ಹೋಗುವ ಬಹಳ ಮುಂಚೆಯೇ ಅರ್ಜಿ ಹಾಕಿ.

---

ಹೊಸಗರಿ

ಎಲ್ಲರಿಗೂ ಧನ್ಯವಾದ. ಬಯಲಸೀಮಿಯವರ ಪಾತ್ರದ ಹಾಳೆಯನ್ನು ಇವತ್ತೇ ಶುರು ಮಾಡುತ್ತೇನೆ. ಕೊನೆಪ್ರೂಫು ಅವರೇ, ಇನ್ನೊಂದು ಕೇಳಲೇ? ಜಾಲಪತ್ರಿಕೆಯಲ್ಲಿ ಬಂದ ಕತೆಯನ್ನು ಹೆಸರು ಹೇಳದೆ ಯೂಟ್ಯೂಬ್ ಚಾನೆಲ್‌ನಲ್ಲಿ ಓದಿ ಹಾಕಿಬಿಟ್ಟರೆ ಏನು ಮಾಡಬೇಕು? ಕೃತಿಸ್ವಾಮ್ಯ ನೋಂದಣಿ ಇಲ್ಲದಿದ್ದರೆ ದೂರು ನಿಲ್ಲುತ್ತದೆಯೇ?

---

ಕೊನೆಪ್ರೂಫು

ನಿಲ್ಲುತ್ತದೆ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಮೊದಲು ಸಾಕ್ಷ್ಯ ಹಿಡಿಯಿರಿ: ವಿಡಿಯೋದ ಕೊಂಡಿ, ಚಾನೆಲ್ ಹೆಸರು ಮತ್ತು ದಿನಾಂಕ ಕಾಣುವ ಸ್ಕ್ರೀನ್‌ಶಾಟ್, ನಿಮ್ಮ ಕತೆ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಬರುತ್ತದೆ ಅನ್ನುವುದು, ಪತ್ರಿಕೆಯಲ್ಲಿ ಬಂದ ಪುಟದ ಕೊಂಡಿ. ಚಾನೆಲ್‌ನವರಿಗೆ ಬರೆಯುವ ಮುಂಚೆಯೇ ಇದನ್ನು ಮಾಡಿ, ಬರೆದ ಮೇಲೆ ಶೀರ್ಷಿಕೆ ಬದಲಿಸಿಬಿಡಬಹುದು.

ಆಮೇಲೆ ಚಾನೆಲ್‌ಗೆ ಒಂದು ಪತ್ರ. ಹೆಸರು ಹಾಕಿ ಉಳಿಸಿಕೊಳ್ಳಬೇಕೋ ತೆಗೆಯಬೇಕೋ ಅಂತ ನೀವು ಮೊದಲೇ ತೀರ್ಮಾನಿಸಿ, ಅದನ್ನಷ್ಟೇ ಕೇಳಿ. ಓದುವ ಹವ್ಯಾಸದಿಂದ ಮಾಡಿದವರು ಹೆಚ್ಚಿನಂಶ ಇಲ್ಲೇ ಸರಿಮಾಡುತ್ತಾರೆ. ಉತ್ತರ ಬರದಿದ್ದರೆ ಯೂಟ್ಯೂಬ್‌ನ ಕಾಪಿರೈಟ್ ದೂರಿನ ಫಾರಂ ತುಂಬಿ. ತಕ್ಷಣ ತೆಗೆಸುವ ಆಯ್ಕೆಯೂ ಇದೆ, ಏಳು ದಿನ ಗಡುವು ಕೊಟ್ಟು ಅವರೇ ತೆಗೆಯಲು ಬಿಡುವ ಆಯ್ಕೆಯೂ ಇದೆ. ಫಾರಂನಲ್ಲಿ ಪೂರ್ಣ ಹೆಸರು ಕೊಡಬೇಕು, ಕಾವ್ಯನಾಮದಲ್ಲಿ ಬರೆಯುವವರು ಇದನ್ನು ಗಮನಿಸಿ. ಪತ್ರಿಕೆಗೆ ನೀವು ಧ್ವನಿಹಕ್ಕು ಬರೆದುಕೊಟ್ಟಿಲ್ಲ ಅನ್ನುವುದನ್ನೂ ದೂರಿಗೆ ಮುಂಚೆ ಖಚಿತಪಡಿಸಿಕೊಳ್ಳಿ. ಕೆಲವು ಜಾಲಪತ್ರಿಕೆಗಳು ಆಡಿಯೋವನ್ನೂ ತಾವೇ ಮಾಡುತ್ತವೆ, ಬೇರೆ ಚಾನೆಲ್‌ಗೆ ಅವರೇ ಅನುಮತಿ ಕೊಟ್ಟಿರಬಹುದು.

ನೋಂದಣಿ ಬೇಕೇ ಅಂದರೆ, ಬಿಡಿ ಕತೆಗಳಿಗೆ ಬೇಡ. ಸಂಕಲನಕ್ಕೋ ಕಾದಂಬರಿಗೋ ಮಾಡಿಸುವುದು ಒಳ್ಳೆಯದು. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನ್‌ನಲ್ಲೇ. ಡೈರಿ ನಂಬರ್ (ಅರ್ಜಿಯ ಸಂಖ್ಯೆ) ಸಿಕ್ಕ ಮೇಲೆ ಆಕ್ಷೇಪಣೆಗಾಗಿ 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ ಶುರು. ಕೃತಿಯ ಪಿಡಿಎಫ್ ಜೊತೆ ಮುಖಪುಟದ ಕಲಾವಿದರ ಒಪ್ಪಿಗೆ ಪತ್ರ ಕೇಳಬಹುದು, ಚಿತ್ರ ಬರೆಸುವಾಗಲೇ ಅದನ್ನು ಬರೆಸಿಟ್ಟುಕೊಳ್ಳಿ.